ಕಾರಿನ ಆಂಪ್‌ಗೆ ಗೇನ್ ಇಡುವುದು: ಒಂದು ಮಲ್ಟಿಮೀಟರ್, ಎರಡು ಟೆಸ್ಟ್ ಟೋನ್, ಒಂದು ವರ್ಗಮೂಲ

ಸ್ಪೀಕರಿನೊಳಗಿನ ತಾಮ್ರದ ತಂತಿಯ ಸುರುಳಿ, ಅಂದರೆ ವಾಯ್ಸ್ ಕಾಯಿಲ್, ಸುಟ್ಟ ವಾಸನೆ ಒಮ್ಮೆ ಮೂಗಿಗೆ ಬಡಿದರೆ ಮತ್ತೆ ಮರೆತುಹೋಗುವುದಿಲ್ಲ. ಅಂಟು, ವಾರ್ನಿಷ್, ತಾಮ್ರ ಮೂರೂ ಒಟ್ಟಿಗೆ ಕಾದ ಘಾಟು ಅದು. ಹೋದ ಜುಲೈಯಲ್ಲಿ ನನ್ನ ಭಾವಮೈದ ಗೋಣಿಕೊಪ್ಪದಿಂದ ಜೀಪು ತಂದು ನಮ್ಮ ಅಂಗಳದಲ್ಲಿ ನಿಲ್ಲಿಸಿ ಹಿಂದಿನ ಬಾಗಿಲು ತೆಗೆದಾಗ ಬಂದದ್ದು ಅದೇ ಘಾಟು. "ಭಾವ, ಆಂಪ್ ಹೊಸದು, ವೂಫರ್ ಹೊಸದು. ಮೂರು ವಾರ ಆಗಿಲ್ಲ. ಮುಂದಿನ ಟ್ವೀಟರ್ ಎರಡೂ ಸತ್ತಿವೆ, ವೂಫರ್ ಕರಕರ ಅಂತಿದೆ" ಅಂದ.

ವೂಫರ್ ಅಂದರೆ ಬೇಸ್ ಕೊಡುವ ದೊಡ್ಡ ಸ್ಪೀಕರ್, ಟ್ವೀಟರ್ ಅಂದರೆ ಏರುಸ್ವರ ಕೊಡುವ ಪುಟ್ಟ ಸ್ಪೀಕರ್. ವೂಫರ್‌ನ ಕೋನಿನ ಮೇಲೆ ನಾಲ್ಕು ಬೆರಳಿಟ್ಟು ಮೆಲ್ಲಗೆ ಒತ್ತಿದೆ. ಒಳಗಿಂದ ಮರಳು ಉಜ್ಜಿದ ಸದ್ದು. ಕಾಯಿಲ್ ಬಿಸಿಗೆ ಊದಿಕೊಂಡು ಅಯಸ್ಕಾಂತದ ಸಂದಿಗೆ ತಾಗುತ್ತಿತ್ತು. ಇನ್ನು ಅದನ್ನು ಉಳಿಸುವ ಹಾಗಿರಲಿಲ್ಲ. ಆಮೇಲೆ ಟಾರ್ಚ್ ಹಾಕಿ ಆಂಪ್, ಅಂದರೆ ಸ್ಟೀರಿಯೋದ ಸಿಗ್ನಲನ್ನು ದೊಡ್ಡದು ಮಾಡಿ ಸ್ಪೀಕರಿಗೆ ಕಳಿಸುವ ಆಂಪ್ಲಿಫೈಯರ್, ನೋಡಿದೆ. ಗೇನ್ ಸ್ಕ್ರೂ ಬಲಗಡೆ ಕೊನೆ ಮುಟ್ಟಿದೆ, ಬೇಸ್ ಬೂಸ್ಟ್ ಕೂಡ ಕೊನೆಗೆ ಹೋಗಿದೆ. ಫಿಟ್ ಮಾಡಿದ ಅಂಗಡಿಯಲ್ಲಿ ಒಂದು ಹಾಡು ಹಾಕಿ, "ಸಾಕಾ? ಇನ್ನೂ ಬೇಕಾ?" ಎಂದು ಕೇಳಿ ಗೇನ್ ಇಟ್ಟುಕೊಟ್ಟಿದ್ದರಂತೆ. ಉಳಿದದ್ದನ್ನು ಇವನೇ ತಿತಿಮತಿ ದಾರಿಯಲ್ಲಿ ಮಳೆ ಜೋರಾದಾಗ ತಿರುಗಿಸಿದ್ದ.

ನಮ್ಮ ಕಡೆ ಕಿವಿಯನ್ನು ನಂಬಿ ಗೇನ್ ಇಟ್ಟರೆ ಹೀಗಾಗುವುದು ಸಹಜ. ಮಳೆಗಾಲದಲ್ಲಿ ಜೀಪಿನ ಮಾಡಿನ ಮೇಲೆ ನೀರು ಬಡಿಯುತ್ತಿರುತ್ತದೆ, ಕೆಳಗೆ ಡೀಸೆಲ್ ಇಂಜಿನ್ ಗುಡುಗುತ್ತಿರುತ್ತದೆ, ಎಸ್ಟೇಟ್ ರಸ್ತೆಯ ಕಲ್ಲು ಟೈರಿಗೆ ಹೊಡೆಯುತ್ತಿರುತ್ತದೆ. ಈ ಗದ್ದಲದ ಬಹುಪಾಲು ತಗ್ಗಿನ ಸ್ವರಗಳದ್ದು. ಹಾಗಾಗಿ ಹಾಡಿನಲ್ಲಿ ಮೊದಲು ಮುಳುಗುವುದು ಬೇಸ್. ಬೇಸ್ ಸಾಲದು ಅನ್ನಿಸಿದ ಕೂಡಲೇ ಕೈ ಸ್ಕ್ರೂಡ್ರೈವರಿಗೆ ಹೋಗುತ್ತದೆ. ಮಡಿಕೇರಿ ದಸರಾದ ರಾತ್ರಿ ದಶಮಂಟಪಗಳ ಮುಂದೆ ನಿಂತು ಎದೆ ನಡುಗಿಸಿಕೊಂಡು ಬಂದ ಹುಡುಗರಿಗಂತೂ ಕಾರಿನಲ್ಲೂ ಅದೇ ಹೊಡೆತ ಬೇಕು. ಮಂಟಪದ ಸೌಂಡಿಗೆ ಜನರೇಟರ್ ಇರುತ್ತದೆ, ಕಾರಿನಲ್ಲಿ ಇರುವುದು ಒಂದು ಬ್ಯಾಟರಿ ಮತ್ತು ಒಂದು ಆಲ್ಟರ್ನೇಟರ್.

ಇಷ್ಟಕ್ಕೂ ಗೇನ್ ಅಂದರೇನು? ಜೀಪು ಓಡಿಸುವವರಿಗೆ ಬೇಗ ಅರ್ಥವಾಗುವ ಹೋಲಿಕೆಯೊಂದಿದೆ. ಸ್ಟೀರಿಯೋದ ವಾಲ್ಯೂಮ್ ಅನ್ನು ಆಕ್ಸಿಲರೇಟರ್ ಅಂದುಕೊಳ್ಳಿ, ಗೇನ್ ಅನ್ನು ಗೇರ್ ಅಂದುಕೊಳ್ಳಿ. ಒಂದನೇ ಗೇರಿಗೆ ಹಾಕಿದರೆ ಇಂಜಿನ್ನಿನ ಅಶ್ವಶಕ್ತಿ ಹೆಚ್ಚುವುದಿಲ್ಲ. ಆಕ್ಸಿಲರೇಟರ್ ಸ್ವಲ್ಪ ಒತ್ತಿದರೂ ಗಾಡಿ ಮುಂದಕ್ಕೆ ಜಿಗಿಯುತ್ತದೆ, ನಿಜ. ಆದರೆ ಇಂಜಿನ್ ಬಹಳ ಬೇಗ ತನ್ನ ಮಿತಿ ಮುಟ್ಟುತ್ತದೆ, ಅದರಾಚೆ ಎಷ್ಟು ಒತ್ತಿದರೂ ಕಿರುಚಾಟವೇ ಹೊರತು ವೇಗವಿಲ್ಲ. ಗೇನ್ ಏರಿಸಿದಾಗ ಆಗುವುದೂ ಇದೇ. ಆಂಪ್‌ನ ಶಕ್ತಿ ಇದ್ದಷ್ಟೇ ಇರುತ್ತದೆ. ವಾಲ್ಯೂಮ್ ಎಷ್ಟನೇ ಅಂಕಿಗೆ ಬಂದಾಗ ಆ ಶಕ್ತಿ ಮುಗಿಯಬೇಕು ಎಂಬುದನ್ನು ಮಾತ್ರ ಗೇನ್ ನಿರ್ಧರಿಸುತ್ತದೆ.

ಅಂಕಿಯಲ್ಲಿ ನೋಡೋಣ. ಸ್ಟೀರಿಯೋ ಹಿಂದಿನ ಆರ್‌ಸಿಎ ವೈರಿನಿಂದ ಸಾಮಾನ್ಯವಾಗಿ 2 ವೋಲ್ಟ್, ದುಬಾರಿಯದ್ದಾದರೆ 4 ವೋಲ್ಟ್‌ವರೆಗೆ ಸಿಗ್ನಲ್ ಬರುತ್ತದೆ. ಆಂಪ್‌ನ ಗೇನ್ ಸುತ್ತ 0.2ರಿಂದ 6 ವೋಲ್ಟ್ ಎಂದೋ ಅದರ ಆಸುಪಾಸಿನ ಅಂಕಿಯೋ ಬರೆದಿರುತ್ತದೆ. 0.2 ಕಡೆಗೆ ತಿರುಗಿಸಿದರೆ, "0.2 ವೋಲ್ಟ್ ಬಂದ ಕೂಡಲೇ ನಿನ್ನ ಪೂರ್ತಿ ಶಕ್ತಿ ಕೊಟ್ಟುಬಿಡು" ಎಂದು ಆಂಪ್‌ಗೆ ಹೇಳಿದಂತೆ. ಸ್ಟೀರಿಯೋ 2 ವೋಲ್ಟ್ ಕಳಿಸಿದರೆ ಅದರ ಹತ್ತು ಪಟ್ಟು ಆಯಿತು. ಆ ಹೆಚ್ಚಿನದನ್ನು ಆಂಪ್ ಎಲ್ಲಿಂದ ತರಬೇಕು? ಅದರೊಳಗಿನ ಪವರ್ ಸಪ್ಲೈ ಬ್ಯಾಟರಿಯ 12 ವೋಲ್ಟನ್ನು ಒಂದು ಮಟ್ಟಕ್ಕೆ ಏರಿಸಿ ಇಟ್ಟುಕೊಂಡಿರುತ್ತದೆ, ಹೊರಗೆ ಹೋಗುವ ಅಲೆ ಆ ಮಟ್ಟವನ್ನು ದಾಟಲಾರದು. ಮೇಲೇರಬೇಕಾದ ಅಲೆಯ ನೆತ್ತಿ ಅಲ್ಲಿಗೇ ಕತ್ತರಿಸಿಹೋಗುತ್ತದೆ, ಜೆಸಿಬಿ ಬಂದು ಗುಡ್ಡದ ತಲೆಯನ್ನು ಸಪಾಟು ಮಾಡಿದ ಹಾಗೆ. ಇದಕ್ಕೆ ಕ್ಲಿಪ್ಪಿಂಗ್ ಅನ್ನುತ್ತಾರೆ. "ಸೌಂಡ್ ಒಡೀತಿದೆ" ಎಂದು ನಾವು ಹೇಳುವುದು ಬಹುತೇಕ ಇದನ್ನೇ.

ಸಪಾಟಾದ ಅಲೆ ಯಾಕೆ ಅಪಾಯ? ಎರಡು ಕಾರಣ. ಒಂದು, ದುಂಡಗಿನ ಅಲೆಗೂ ಅಷ್ಟೇ ಎತ್ತರದ ಪೂರ್ತಿ ಚೌಕನೆಯ ಅಲೆಗೂ ಹೋಲಿಸಿದರೆ ಚೌಕದ ಅಲೆ ಸರಿಯಾಗಿ ಎರಡರಷ್ಟು ವಿದ್ಯುತ್ತನ್ನು ಕಾಯಿಲ್‌ಗೆ ತಳ್ಳುತ್ತದೆ. 60 ವ್ಯಾಟಿನ ಆಂಪ್ ಒಡೆದ ಸ್ಥಿತಿಯಲ್ಲಿ 120 ವ್ಯಾಟಿನ ಹತ್ತಿರಕ್ಕೆ ಹೋಗಬಹುದು, ಅದೂ ಬಿಡುವಿಲ್ಲದೆ. ಎರಡು, ನೆತ್ತಿ ಕತ್ತರಿಸಿದ ಅಲೆಯಲ್ಲಿ ಮೂಲ ಹಾಡಿನಲ್ಲಿಲ್ಲದ ಮೂರು ಪಟ್ಟು, ಐದು ಪಟ್ಟು, ಏಳು ಪಟ್ಟು ಮೇಲಿನ ಸ್ವರಗಳು ಹುಟ್ಟುತ್ತವೆ. ಅವು ಕ್ರಾಸ್‌ಓವರ್ (ತಗ್ಗಿನ ಸ್ವರ, ಮೇಲಿನ ಸ್ವರಗಳನ್ನು ಬೇರ್ಪಡಿಸುವ ಫಿಲ್ಟರ್) ದಾಟಿ ನೇರ ಟ್ವೀಟರಿಗೆ ಹೋಗುತ್ತವೆ. ಟ್ವೀಟರಿನ ಕಾಯಿಲ್ ಕೂದಲೆಳೆಯಂಥ ತಂತಿಯದ್ದು. ಭಾವಮೈದನ ಜೀಪಿನಲ್ಲಿ ವೂಫರ್‌ಗಿಂತ ಮೊದಲು ಟ್ವೀಟರ್ ಸತ್ತದ್ದು ಇದರಿಂದಲೇ.

ಕೆಲಸ ಶುರುಮಾಡುವ ಮೊದಲು ಲೆಕ್ಕವೊಂದನ್ನು ಮಾಡಿಕೊಳ್ಳಬೇಕು. ಶಾಲೆಯಲ್ಲಿ ಕಲಿತ ಓಮ್‌ನ ನಿಯಮದಿಂದಲೇ ಬರುವ ಲೆಕ್ಕ: ವ್ಯಾಟನ್ನು ಓಮ್‌ನಿಂದ ಗುಣಿಸಿ, ಬಂದದ್ದರ ವರ್ಗಮೂಲ ತೆಗೆದರೆ ಸ್ಪೀಕರ್ ತುದಿಯಲ್ಲಿ ಎಷ್ಟು ವೋಲ್ಟ್ ಇರಬೇಕು ಎಂಬುದು ಸಿಗುತ್ತದೆ. ಆದರೆ ಯಾವ ವ್ಯಾಟ್? ಭಾವಮೈದನ ನಾಲ್ಕು ಚಾನೆಲ್ ಆಂಪ್‌ನ ಮೈಮೇಲೆ ದಪ್ಪಕ್ಷರದಲ್ಲಿ 1200 ವ್ಯಾಟ್ ಎಂದಿತ್ತು. ಅದರ ಪಕ್ಕದಲ್ಲೇ ಇದ್ದ ಫ್ಯೂಸ್ ಎರಡು, ತಲಾ 20 ಆಂಪಿಯರ್. 40 ಆಂಪಿಯರನ್ನು ಇಂಜಿನ್ ಓಡುವಾಗಿನ 13.8 ವೋಲ್ಟಿಗೆ ಗುಣಿಸಿದರೆ 552 ವ್ಯಾಟ್. ಒಳಗೆ ಹೋಗುವುದೇ 552 ಆದರೆ ಹೊರಗೆ 1200 ಬರುವುದು ಹೇಗೆ? ಅದು ಎಬಿ ಕ್ಲಾಸಿನ ಆಂಪ್, ಬಂದದ್ದರಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಸದ್ದಿಗೆ ಹೋಗುತ್ತದೆ, ಉಳಿದದ್ದು ಬಿಸಿಯಾಗಿ ಹೋಗುತ್ತದೆ. ಕೈಪಿಡಿ ತೆರೆದರೆ ನಿಜ ಬರೆದಿತ್ತು: 4 ಓಮ್‌ಗೆ ತಲಾ 60 ವ್ಯಾಟ್ ಆರ್‌ಎಂಎಸ್. ನಂಬಬೇಕಾದದ್ದು ಈ ಆರ್‌ಎಂಎಸ್ ಅಂಕಿಯನ್ನು, ಅಂದರೆ ಬಿಡುವಿಲ್ಲದೆ ಕೊಡಬಲ್ಲ ಶಕ್ತಿಯನ್ನು. ಪೀಕ್, ಮ್ಯಾಕ್ಸ್ ಎಂದು ಬರೆದಿರುವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಡಿ.

ಸ್ಪೀಕರಿನ ಆರ್‌ಎಂಎಸ್ಸನ್ನೂ ನೋಡಿ, ಎರಡರಲ್ಲಿ ಕಡಿಮೆ ಇರುವುದನ್ನು ಹಿಡಿಯಬೇಕು. ಅವನ ಬಾಗಿಲಿನ ಸ್ಪೀಕರ್ 50 ವ್ಯಾಟ್, 4 ಓಮ್. 50 ಇಂಟು 4 ಅಂದರೆ 200, ವರ್ಗಮೂಲ 14.1. ಬದಲಿಗೆ ತಂದ ಹೊಸ ವೂಫರ್ 250 ವ್ಯಾಟಿನದು, ಎರಡು ಕಾಯಿಲ್, ಒಂದೊಂದು 4 ಓಮ್. ಎರಡನ್ನೂ ಪ್ಯಾರಲಲ್ ಸೇರಿಸಿದರೆ 2 ಓಮ್. ಅದನ್ನು ಓಡಿಸುವ ಮೋನೋ ಆಂಪ್ 2 ಓಮ್‌ಗೆ 300 ವ್ಯಾಟ್ ಕೊಡುತ್ತದೆ. ಕಡಿಮೆ ಇರುವುದು 250. ಅದನ್ನು 2ರಿಂದ ಗುಣಿಸಿದರೆ 500, ವರ್ಗಮೂಲ 22.4. ಈ ಎರಡು ಅಂಕಿಗಳನ್ನು, 14.1 ಮತ್ತು 22.4, ಒಂದು ಚೀಟಿಯಲ್ಲಿ ಬರೆದು ಡ್ಯಾಶ್‌ಬೋರ್ಡಿಗೆ ಅಂಟಿಸಿದೆ. ಸ್ಪೀಕರನ್ನು ಮೀಟರಿನ ಓಮ್ ಗುರುತಿನಲ್ಲಿ ಅಳೆದರೆ 4 ಓಮಿನದ್ದು ಸುಮಾರು ಮೂರೂವರೆ ತೋರಿಸುತ್ತದೆ. ಗಾಬರಿ ಬೇಡ, ಅದು ತಂತಿಯ ಡಿಸಿ ತಡೆ ಮಾತ್ರ. ಲೆಕ್ಕಕ್ಕೆ ಸ್ಪೀಕರ್ ಮೇಲೆ ಬರೆದ 4ನ್ನೇ ಹಿಡಿಯಿರಿ.

ಇನ್ನು ಟೆಸ್ಟ್ ಟೋನ್. ಏರಿಳಿತವಿಲ್ಲದ ಒಂದೇ ಸ್ವರದ ಫೈಲ್ ಅದು. ಬಿಟ್ಟಿಯಾಗಿ ಸಿಗುತ್ತದೆ, ಕಂಪ್ಯೂಟರಿನಲ್ಲಿ ನಾವೇ ಮಾಡಿಕೊಳ್ಳಲೂಬಹುದು. ಹಾಡು ಹಾಕಿ ಅಳೆದರೆ ಮೀಟರಿನ ಅಂಕಿ ಕುಣಿಯುತ್ತಲೇ ಇರುತ್ತದೆ, ಟೋನ್ ಹಾಕಿದರೆ ನಿಲ್ಲುತ್ತದೆ. ವೂಫರ್‌ಗೆ 50 ಹರ್ಟ್ಜ್. ಬಾಗಿಲಿನ ಸ್ಪೀಕರಿಗೆ ಎಲ್ಲರೂ 1000 ಹರ್ಟ್ಜ್ ಹೇಳುತ್ತಾರೆ, ಆದರೆ ನಮ್ಮ ಕೈಯಲ್ಲಿ ಸಾಮಾನ್ಯವಾಗಿ ಇರುವುದು ಹಳದಿ ಬಣ್ಣದ ಅಗ್ಗದ ಮೀಟರ್. ಅಂಥ ಹಲವು ಮೀಟರುಗಳ ಎಸಿ ಅಳತೆಗೆ ಸುಮಾರು 400 ಹರ್ಟ್ಜ್‌ವರೆಗೆ ಮಾತ್ರ ಖಾತ್ರಿ ಕೊಟ್ಟಿರುತ್ತಾರೆ, ಅದರ ಮೇಲೆ ಅಂಕಿ ತಪ್ಪಬಹುದು. ಹಾಗಾಗಿ ನಾನು ಬಾಗಿಲಿಗೆ 400 ಹರ್ಟ್ಜ್ ಟೋನನ್ನೇ ಬಳಸುತ್ತೇನೆ. ಫೈಲ್ ಪೆನ್‌ಡ್ರೈವಿನಲ್ಲಿರಲಿ. ಬ್ಲೂಟೂತ್‌ನಲ್ಲಿ ಹಾಕಿದರೆ ಫೋನಿನ ವಾಲ್ಯೂಮ್ ಒಂದು, ಸ್ಟೀರಿಯೋದ ವಾಲ್ಯೂಮ್ ಒಂದು, ಎರಡು ಕಡೆ ಲೆಕ್ಕ ತಪ್ಪುತ್ತದೆ.

ಟೋನಿನ ಮಟ್ಟ 0 ಡೆಸಿಬೆಲ್ ಇರಬೇಕು. 0 ಎಂದರೆ ಸದ್ದಿಲ್ಲ ಅಂತಲ್ಲ, ಡಿಜಿಟಲ್ ಫೈಲಿನಲ್ಲಿ ಅದಕ್ಕಿಂತ ಮೇಲೆ ಜಾಗವೇ ಇಲ್ಲದ ಕೊನೆಯ ಮಟ್ಟ ಅಂತ. ಕೆಲವರು ಮೈನಸ್ 5 ಡೆಸಿಬೆಲ್ ಟೋನಿನಲ್ಲಿ ಗೇನ್ ಇಡುತ್ತಾರೆ. ಅದಕ್ಕೂ ಕಾರಣವಿದೆ: ಹಾಡುಗಳು ಸದಾ ಕೊನೆಯ ಮಟ್ಟದಲ್ಲಿರುವುದಿಲ್ಲ, ಹಳೆಯ ಧ್ವನಿಮುದ್ರಣಗಳಂತೂ ಬಹಳ ಮೆಲ್ಲಗಿರುತ್ತವೆ, 0ಯಲ್ಲಿ ಇಟ್ಟರೆ ಅವು ಕೇಳಿಸದಷ್ಟು ಸಣ್ಣದಾಗಬಹುದು. ಆದರೆ ಮೈನಸ್ 5ರಲ್ಲಿ 14.1 ವೋಲ್ಟ್ ಇಟ್ಟರೆ, ಮಟ್ಟ ತುಂಬಿದ ಹಾಡು ಬಂದಾಗ ಅದರ 1.78 ಪಟ್ಟು, ಅಂದರೆ 25 ವೋಲ್ಟ್, ಕೊಡು ಎಂದು ಆಂಪ್‌ಗೆ ಹೇಳಿದ ಹಾಗಾಗುತ್ತದೆ. 60 ವ್ಯಾಟಿನ ಆಂಪ್ ಕೊಡಬಲ್ಲದ್ದು 15.5 ವೋಲ್ಟ್ ಮಾತ್ರ. ಬಾಗಿಲಿನ ಸ್ಪೀಕರಿಗೆ ಬೇಕಿದ್ದರೆ ಮೈನಸ್ 5 ಇಡಿ, ಒಡೆಯುವ ಕ್ಷಣಗಳು ಚಿಕ್ಕವು. ವೂಫರ್‌ಗೆ ಮಾತ್ರ 0 ಬಿಟ್ಟು ಬೇರೆ ಇಡಬೇಡಿ ಎಂದೇ ನಾನು ಹೇಳುವುದು. ಈಗಿನ ಹಾಡುಗಳ ಬೇಸ್ ನಿಮಿಷಗಟ್ಟಲೆ ಕೊನೆಯ ಮಟ್ಟಕ್ಕೆ ಅಂಟಿಕೊಂಡಿರುತ್ತದೆ.

ಮೊದಲು ಸ್ಟೀರಿಯೋದಿಂದಲೇ ಶುರುಮಾಡಬೇಕು. ಸ್ಟೀರಿಯೋ ತಾನೇ ಒಡೆದ ಸಿಗ್ನಲ್ ಕಳಿಸಿದರೆ ಆಂಪ್ ಏನೂ ಮಾಡಲಾರದು. ಬೇಸ್, ಟ್ರೆಬಲ್ ಎಲ್ಲ ಸೊನ್ನೆಗೆ ತಂದು, ಲೌಡ್‌ನೆಸ್ ಆಫ್ ಮಾಡಿ, ಬ್ಯಾಲೆನ್ಸ್ ನಡುವೆ ಇಟ್ಟು, ಆರ್‌ಸಿಎ ತುದಿಯನ್ನು ಆಂಪ್‌ನಿಂದ ಕಿತ್ತು ಅದರ ನಡುಗಡ್ಡಿಗೆ ಒಂದು ಪ್ರೋಬ್, ಸುತ್ತಿನ ಬಳೆಗೆ ಇನ್ನೊಂದು ಪ್ರೋಬ್ ಹಿಡಿದೆ. ಭಾವಮೈದ ಮುಂದೆ ಕೂತು 400 ಹರ್ಟ್ಜ್ ಟೋನ್ ಹಾಕಿ ವಾಲ್ಯೂಮನ್ನು ಒಂದೊಂದೇ ಮೆಟ್ಟಿಲು ಏರಿಸುತ್ತಾ ಹೋದ. ಒಂದು ವೋಲ್ಟ್ ದಾಟಿದ ಮೇಲೆ ಪ್ರತಿ ಮೆಟ್ಟಿಲಿಗೂ ಅಂಕಿ ಚೆನ್ನಾಗಿ ಜಿಗಿಯುತ್ತಿತ್ತು. 34 ಆದ ಮೇಲೆ ಜಿಗಿತ ಕುಗ್ಗಿತು, 36ರ ಮೇಲೆ ಅಂಕಿ ಹೆಚ್ಚುಕಡಿಮೆ ನಿಂತೇಹೋಯಿತು. ನಿಂತಿತು ಎಂದರೆ ಅಲೆಯ ನೆತ್ತಿ ಬೋಳಾಗುತ್ತಿದೆ ಎಂದರ್ಥ. ಕುಗ್ಗಲು ಶುರುವಾದ ಜಾಗದಿಂದ ಎರಡು ಮೆಟ್ಟಿಲು ಇಳಿದು 32ಕ್ಕೆ ನಿಲ್ಲಿಸಿದೆವು. ಅವನ ಸ್ಟೀರಿಯೋದಲ್ಲಿ ಒಟ್ಟು 40 ಮೆಟ್ಟಿಲು. ಹೀಗೆ ಅಳೆಯಲು ಆಗದವರು ಒಟ್ಟು ವಾಲ್ಯೂಮಿನ ಮುಕ್ಕಾಲು ಭಾಗಕ್ಕೆ ಇಟ್ಟುಕೊಂಡರೆ ಹೆಚ್ಚಿನ ಸ್ಟೀರಿಯೋಗಳಲ್ಲಿ ನಡೆಯುತ್ತದೆ. ಇಲ್ಲಿ ಅಗ್ಗದ ಮೀಟರಿನ ಕೊರತೆಯೊಂದಿದೆ: ಅದರ ಎಸಿ ಗುರುತು 200 ವೋಲ್ಟಿನಿಂದಲೇ ಶುರು, ಅಂಕಿ ಒಂದು ದಶಮಾಂಶಕ್ಕೆ ನಿಲ್ಲುತ್ತದೆ. 14.1 ನೋಡಲು ಅದು ಸಾಕು, 2 ವೋಲ್ಟಿನೊಳಗಿನ ಸಣ್ಣ ಜಿಗಿತ ನೋಡಲು ಸಾಲದು. ಈ ಹಂತಕ್ಕೆ ಪಕ್ಕದ ಎಲೆಕ್ಟ್ರಿಷಿಯನ್ ಹತ್ತಿರ ಒಳ್ಳೆಯ ಮೀಟರ್ ಕಡ ತಂದೆವು.

ಇನ್ನು ಆಂಪ್. ಸ್ಪೀಕರ್ ವೈರುಗಳನ್ನೆಲ್ಲ ಆಂಪ್‌ನಿಂದ ಬಿಚ್ಚಬೇಕು. ಇದನ್ನು ಮರೆತರೆ ಕಿವಿಗೂ ಕಷ್ಟ, ಸ್ಪೀಕರಿಗೂ ಕಷ್ಟ. ನಿಂತ ಸ್ವರ ಹಾಡಿಗಿಂತ ಬೇಗ ಕಾಯಿಲ್ ಕಾಯಿಸುತ್ತದೆ. ಗೇನ್ ಪೂರ್ತಿ ಎಡಕ್ಕೆ, ಬೇಸ್ ಬೂಸ್ಟ್ ಸೊನ್ನೆಗೆ. ವೂಫರ್ ಆಂಪ್‌ನ ತಗ್ಗಿನ ಸ್ವರಗಳನ್ನಷ್ಟೇ ಬಿಡುವ ಲೋಪಾಸ್ ಫಿಲ್ಟರ್ 80 ಹರ್ಟ್ಜ್ ಸುತ್ತ ಇರಲಿ, 50ರ ಟೋನ್ ಅದರೊಳಗೆ ಸಲೀಸಾಗಿ ಹಾಯುತ್ತದೆ. ಇಂಜಿನ್ ಓಡುತ್ತಿರಬೇಕು: ನಿಂತ ಗಾಡಿಯ ಬ್ಯಾಟರಿ 12.6 ವೋಲ್ಟ್ ಆದರೆ ಓಡುವಾಗ 13.8ರಿಂದ 14.4 ಇರುತ್ತದೆ, ಆಂಪ್‌ನ ಅಂಕಿಗಳು ಆ ಮಟ್ಟಕ್ಕೆ ಬರೆದವು. ಮಳೆ ಎಂದು ಮುಚ್ಚಿದ ಶೆಡ್ಡಿನೊಳಗೆ ಇಂಜಿನ್ ಓಡಿಸಿಕೊಂಡು ಈ ಕೆಲಸ ಮಾಡಬೇಡಿ. ಹೊಗೆಯ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಅದು ಪ್ರಾಣ ತೆಗೆಯುತ್ತದೆ. ನಾವು ಕಾಫಿ ಒಣಗಿಸುವ ಕಣದಲ್ಲಿ ಜೀಪು ನಿಲ್ಲಿಸಿ ಹಿಂದಿನ ಬಾಗಿಲಿಗೆ ಟಾರ್ಪಲ್ ಕಟ್ಟಿಕೊಂಡೆವು.

ಮೀಟರನ್ನು ಅಲೆಯ ಗುರುತಿರುವ ಎಸಿ ವೋಲ್ಟ್‌ಗೆ ತಿರುಗಿಸಿ, ಮುಂದಿನ ಎಡ ಚಾನೆಲ್ಲಿನ ಪ್ಲಸ್ ಮೈನಸ್ ಸ್ಕ್ರೂಗಳಿಗೆ ಪ್ರೋಬ್ ಒತ್ತಿದೆ. ಟೋನ್ ಹಾಕಿ ವಾಲ್ಯೂಮ್ 32. ಮೀಟರ್ 5.2 ತೋರಿಸಿತು. ಸಣ್ಣ ಸ್ಕ್ರೂಡ್ರೈವರಿನಲ್ಲಿ ಗೇನನ್ನು ಕೂದಲೆಳೆಯಷ್ಟು ತಿರುಗಿಸುತ್ತಾ ಹೋದೆ. 8.0, 11.3, 13.6. ಕೊನೆಗೆ 14.1ಕ್ಕೆ ಬಂದಾಗ ಸ್ಕ್ರೂವಿನ ಗೀಟು ಗಡಿಯಾರದ ಹತ್ತು ಗಂಟೆಯ ಮುಳ್ಳಿನ ಹಾಗೆ ನಿಂತಿತ್ತು. ಅಂಗಡಿಯಿಂದ ಬಂದಾಗ ಅದು ಐದು ಗಂಟೆಯಲ್ಲಿತ್ತು. "ಇಷ್ಟೇನಾ ಭಾವ?" ಎಂದು ಅವನು ಇಣುಕಿ ನೋಡಿದ. ಇಷ್ಟೇ. ಬಲ ಚಾನೆಲ್, ಹಿಂದಿನ ಜೋಡಿ ಎಲ್ಲವೂ ಹೀಗೆಯೇ. ವೂಫರ್ ಆಂಪ್‌ಗೆ 50 ಹರ್ಟ್ಜ್ ಹಾಕಿ 22.4. ಎರಡು ಚಾನೆಲ್ ಸೇರಿಸಿ ಬ್ರಿಜ್ ಮಾಡಿದ್ದರೆ, ಸ್ಪೀಕರ್ ವೈರ್ ಎಲ್ಲಿ ಕೂರುತ್ತದೋ ಆ ಎರಡು ಸ್ಕ್ರೂಗಳ ನಡುವೆಯೇ ಅಳೆಯಬೇಕು.

ಈ ವಿಧಾನಕ್ಕೆ ಒಂದು ಮಿತಿಯಿದೆ. ಮೀಟರ್ ವೋಲ್ಟನ್ನು ಹೇಳುತ್ತದೆ, ಅಲೆಯ ಆಕಾರವನ್ನು ಹೇಳುವುದಿಲ್ಲ. 300 ವ್ಯಾಟ್ ಎಂದು ಬರೆದ ಆಂಪ್ ನಿಜದಲ್ಲಿ 200ಕ್ಕೇ ಸುಸ್ತಾಗುವಂಥದ್ದಾದರೆ, 22.4 ತಲುಪುವ ಮೊದಲೇ ಅಲೆ ಬೋಳಾಗಿರಬಹುದು. ಸುಳಿವು ಇಲ್ಲಿಯೂ ಅದೇ: ಗೇನ್ ತಿರುಗಿಸಿದಷ್ಟೂ ಅಂಕಿ ಏರುತ್ತಿದ್ದದ್ದು ಇದ್ದಕ್ಕಿದ್ದಂತೆ ಸೋಮಾರಿಯಾದರೆ, ಲೆಕ್ಕದ ಅಂಕಿ ಬಂದಿರದಿದ್ದರೂ ಅಲ್ಲಿಗೇ ನಿಲ್ಲಿಸಿ, ಸ್ವಲ್ಪ ಹಿಂದಕ್ಕೆ ತನ್ನಿ. ಸ್ಪೀಕರ್ ಬಿಚ್ಚಿ ಅಳೆಯುವುದರಿಂದ ಆಂಪ್‌ಗೆ ಭಾರವೂ ಇರುವುದಿಲ್ಲ. ಸ್ಪೀಕರ್ ಸೇರಿಸಿದ ಮೇಲೆ ಅದರ ಸಪ್ಲೈ ಒಂದಿಷ್ಟು ಕುಸಿಯುತ್ತದೆ. ಅಲೆಯನ್ನು ಕಣ್ಣಿನಿಂದಲೇ ನೋಡಬೇಕೆಂದರೆ ಆಸಿಲೋಸ್ಕೋಪ್ ಬೇಕು. ಅಂಗೈಯಗಲದವು ಈಗ ಸಿಗುತ್ತವೆ, ನಾಲ್ಕಾರು ಗಾಡಿ ಮಾಡುವವರು ಒಂದನ್ನು ಇಟ್ಟುಕೊಳ್ಳುವುದು ಒಳ್ಳೆಯದು. ಮನೆಯ ಒಂದು ಗಾಡಿಗೆ ಮೀಟರ್ ಸಾಕು.

ಸ್ಪೀಕರ್ ವೈರುಗಳನ್ನು ಮತ್ತೆ ಕೂರಿಸಿ ಮೊದಲು ಹಾಕಿದ್ದು 'ಕೊಂಬು ಕೊಟ್ಟು ವಾಲಗ', ಅಂದರೆ ಕೊಡಗಿನ ಮದುವೆಗಳಲ್ಲಿ ನುಡಿಸುವ ಕೊಂಬು, ಚರ್ಮವಾದ್ಯಗಳ ಮೇಳ. ಆಂಪ್ ಒಡೆಯುತ್ತಿದೆಯೋ ಇಲ್ಲವೋ ಎಂದು ತಿಳಿಯಲು ನಮ್ಮೂರಿನವರಿಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಮದುವೆ ಮನೆಯಲ್ಲಿ ಹತ್ತಿರ ನಿಂತು ಕೇಳಿದ ಕೊಂಬಿನ ಸದ್ದು ಕಿವಿಯಲ್ಲಿ ಇದ್ದೇ ಇರುತ್ತದೆ. ಒಡೆದ ಆಂಪ್‌ನಲ್ಲಿ ಅದು ಗರಗಸ ಎಳೆದ ಹಾಗೆ ಕೇಳುತ್ತದೆ. ಈಗ ಕೊಂಬು ಕೊಂಬಾಗಿಯೇ ಕೇಳಿತು, ಪ್ರತಿ ಪೆಟ್ಟೂ ಬಿಡಿಬಿಡಿಯಾಗಿ ಬಂತು. ಅವನಿಗೆ ಬೇಸ್ ಮೊದಲಿಗಿಂತ ಕಡಿಮೆ ಅನ್ನಿಸಿದ್ದು ನಿಜ, ಬಾಯಿಬಿಟ್ಟು ಹೇಳಿದ ಕೂಡ. ವಾಲ್ಯೂಮ್ 18ರಲ್ಲಿಟ್ಟು ಕೇಳುತ್ತಿದ್ದ. 30ಕ್ಕೆ ಏರಿಸು ಎಂದೆ. ಏರಿಸಿದ ಮೇಲೆ ಸುಮ್ಮನಾದ. 32ರವರೆಗೆ ಎಲ್ಲಿಟ್ಟರೂ ಭಯವಿಲ್ಲ, ಅದರ ಮೇಲೆ ಮುಟ್ಟಬೇಡ ಎಂದು ಹೇಳಿದ್ದೇನೆ. ಗೇನ್ ಸ್ಕ್ರೂವಿನಿಂದ ಆಂಪ್‌ನ ಮೈಗೆ ಅಡ್ಡಲಾಗಿ ಅವನ ಅಕ್ಕನ ಉಗುರುಬಣ್ಣದಿಂದ ಒಂದು ಗೆರೆ ಎಳೆದೆ. ಸ್ಕ್ರೂ ಅಲುಗಿದರೆ ಗೆರೆ ತುಂಡಾಗಿ ಕಾಣುತ್ತದೆ.

ಸ್ಟೀರಿಯೋ, ಆಂಪ್, ಸ್ಪೀಕರ್ ಈ ಮೂರರಲ್ಲಿ ಯಾವುದು ಬದಲಾದರೂ ಲೆಕ್ಕ ಹೊಸದಾಗಿ ಮಾಡಬೇಕು. ಏನೂ ಬದಲಾಗದಿದ್ದರೂ ನಮ್ಮ ಜಿಲ್ಲೆಯಲ್ಲಿ ಮಳೆಗಾಲ ಮುಗಿದ ಮೇಲೆ ಇನ್ನೊಂದು ಅಳತೆ ತೆಗೆದುಕೊಳ್ಳಲೇಬೇಕು, ಅದು ಅರ್ಥಿಂಗ್‌ನದು. ತೇವಕ್ಕೆ ಬಾಡಿಯ ಮೇಲಿನ ಅರ್ಥ್ ಬೋಲ್ಟ್ ತುಕ್ಕು ಹಿಡಿದರೆ ಆಂಪ್‌ಗೆ ತಲುಪುವ ವೋಲ್ಟ್ ಕಡಿಮೆಯಾಗಿ, ಸರಿಯಾಗಿ ಇಟ್ಟ ಗೇನಿನಲ್ಲೂ ಅಲೆ ಬೋಳಾಗುತ್ತದೆ. ಮೀಟರನ್ನು ಡಿಸಿ ವೋಲ್ಟ್‌ಗೆ ಹಾಕಿ, ಉದ್ದ ವೈರಿನಿಂದ ಒಂದು ಪ್ರೋಬ್ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ಆಂಪ್‌ನ ಅರ್ಥ್ ಸ್ಕ್ರೂಗೆ ಹಿಡಿದು ಬೇಸ್ ಇರುವ ಹಾಡು ಹಾಕಬೇಕು. ಅಕ್ಟೋಬರಿನಲ್ಲಿ ಅವನ ಜೀಪಿನಲ್ಲಿ ಪ್ರತಿ ಹೊಡೆತಕ್ಕೂ 0.6 ವೋಲ್ಟ್ ತೋರಿಸಿತು. ಬೋಲ್ಟ್ ಬಿಚ್ಚಿ, ಕೆಳಗಿನ ಪೇಂಟನ್ನೂ ತುಕ್ಕನ್ನೂ ಮರಳು ಕಾಗದದಿಂದ ಉಜ್ಜಿ ಕಬ್ಬಿಣ ಹೊಳೆಯುವವರೆಗೆ ತೆಗೆದು, ಹೊಸ ರಿಂಗ್ ಲಗ್ ಒತ್ತಿ ಬಿಗಿದು, ಮೇಲಿಂದ ಗ್ರೀಸ್ ಸವರಿದೆವು. ಮತ್ತೆ ಅಳೆದಾಗ 0.1.